ಮಾತ್ರೆಗಾಗಿ ಎದೆ ಕೊಯ್ಸಿಕೊಳ್ಳಬೇಕೆ?

ಚಿಕಿತ್ಸಾ ನೆರವು ಯೋಜನೆಯ ಮಾನ್ಯ ಅನುಮೋದನಾಧಿಕಾರಿಗಳೇ,

ನಾನು ಕೇಳಿದ್ದು ಮಾತ್ರೆ. ನೀವು ಮಂಜೂರು ಮಾಡಿರುವುದು ಶಸ್ತ್ರಚಿಕಿತ್ಸೆ. ನನಗೆ ಬೇಡವಾದ ಕತ್ತರಿಯನ್ನು ಇಷ್ಟು ಧಾರಾಳವಾಗಿ ಕೊಡುವವರಿಗೆ ಬೇಕಾದ ಮಾತ್ರೆ ಕೊಡಲು ಯಾವ ನಿಯಮ ಅಡ್ಡ ಬಂತು?

ನಾನು ಗುಬ್ಬಿಯ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವಳು. ಸ್ತನದ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದ ಮೇಲೆ ನಿಂತು ಪಾಠ ಮಾಡಲಾಗಲಿಲ್ಲ. ತುಮಕೂರಿನ ವೈದ್ಯೆ ಸುಮನಾ ಮುಚ್ಚುಮರೆಯಿಲ್ಲದೆ ಹೇಳಿದರು: "ಇದು ಪೂರ್ತಿ ವಾಸಿ ಆಗಲ್ಲ ಮೇಡಂ. ಆದ್ರೆ ನಿಮ್ದು ಹಾರ್ಮೋನಿಂದ ಬೆಳೆಯೋ ಗಡ್ಡೆ. ಮಾತ್ರೇಲಿ ಎಷ್ಟೋ ಜನಕ್ಕೆ ವರ್ಷಗಟ್ಲೆ ಹಿಡಿತದಲ್ಲಿರುತ್ತೆ. ಆಪರೇಷನ್ ಬೇಡ. ಮೂಳೆಗೆ ಹೋಗಿರೋದನ್ನ ಎದೆ ಕೊಯ್ದು ತೆಗೆಯೋಕಾಗಲ್ಲ."

ಅಂದು ಹೊಟ್ಟೆತುಂಬ ಉಂಡೆ. ಮರುದಿನ ತುಮಕೂರಿನ ಬಟವಾಡಿಯಲ್ಲಿರುವ ನಿಮ್ಮ ಕಚೇರಿಗೆ ಬಂದೆ. ನಿಮ್ಮ ಸಿಬ್ಬಂದಿ ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ.

"ಈ ಮಾತ್ರೆ ಆಪರೇಷನ್ ಆದೋರಿಗೆ ಮಾತ್ರ. ಮಾಡಿಸ್ಕೊಂಡ್ ಬನ್ನಿ."

"ಡಾಕ್ಟರೇ ಬೇಡ ಅಂದಿದಾರಲ್ಲ."

"ಮಾಡೋ ಡಾಕ್ಟರು ಬೇರೆ ಇರ್ತಾರೆ ಬುಡಿ."

ಹೊರಗೆ ಬೆಂಚಿನ ಮೇಲೆ ಕುಣಿಗಲ್ ಕಡೆಯ ತಿಪ್ಪಮ್ಮ ಕುಳಿತಿದ್ದರು. ಅವರದೂ ಬೆನ್ನಿಗಿಳಿದ ಕಾಯಿಲೆಯೇ. ನಿಮ್ಮ ಮಾತು ನಂಬಿ ಕೊಯ್ಸಿಕೊಂಡವರು. ಸೆರಗಿನ ಮೇಲೆ ಕೈಯಿಟ್ಟುಕೊಂಡೇ ಹೇಳಿದರು: "ಗಾಯ ಇನ್ನೂ ಮಾಯ್ದಿಲ್ಲ ಕಣಮ್ಮ. ಮಾಯೋಗಂಟ ಮಾತ್ರೆ ಕೊಡಕಿಲ್ವಂತೆ. ಬೆನ್ನುನೋವು ಹಂಗೇ ಅದೆ."

ಹೇಳಿ, ಇದು ಯಾವ ರೋಗಕ್ಕೆ ನೀಡಿದ ಚಿಕಿತ್ಸೆ? ಅವರ ರೋಗಕ್ಕೋ, ನಿಮ್ಮ ಕಡತದ ರೋಗಕ್ಕೋ?

ಮನೆಯಲ್ಲಿ ನನ್ನ ಗಂಡ ಖಲೀಲುಲ್ಲಾ ತಲೆ ತಗ್ಗಿಸಿ ಕುಳಿತರು. "ಒಪ್ಕೊಂಡ್ಬಿಡು. ಎದೆ ಹೋದ್ರೆ ಹೋಗ್ಲಿ, ನೀನಿರ್ತೀಯಲ್ಲ" ಎಂದರು. ಅದೂ ಪ್ರೀತಿಯೇ. ನಿಮ್ಮ ನಿಯಮ ಆ ಪ್ರೀತಿಯನ್ನೂ ನನ್ನ ವಿರುದ್ಧ ನಿಲ್ಲಿಸಿತು. ಒಪ್ಪಿದೆ. ಬೇರೊಂದು ಆಸ್ಪತ್ರೆಯಲ್ಲಿ ಹಸಿರು ಗೌನು ತೊಟ್ಟು ಮಲಗಿದಾಗ ಶಸ್ತ್ರವೈದ್ಯರನ್ನು ಕೇಳಿದೆ, "ಇದರಿಂದ ನನ್ನ ಬೆನ್ನಿಗೆ ಏನು ಉಪಯೋಗ ಡಾಕ್ಟ್ರೇ?"

ಅವರು, "ನಿಮ್ಮ ಫೈಲು ಮುಂದಕ್ಕೆ ಹೋಗುತ್ತೆ" ಎಂದರು. ಪಾಪ, ಸುಳ್ಳು ಹೇಳಲಿಲ್ಲ.

ನಾನು ಗೌನು ಕಳಚಿ, ಸೀರೆಯುಟ್ಟು ಹೊರಬಂದೆ. ಗುಬ್ಬಿ ಬಸ್ಸಿನಲ್ಲಿ ಖಲೀಲುಲ್ಲಾ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದರು. ಊರು ಹತ್ತಿರವಾದಾಗ, "ಈಗೇನ್ಮಾಡದು?" ಎಂದರು. ಸುಮನಾ ಹೊಂದಿಸಿಕೊಟ್ಟಿರುವ ಮಾತ್ರೆ ಈ ತಿಂಗಳಿಗೆ ಸಾಕು. ನೋವು ಕೊಂಚ ತಗ್ಗಿದೆ. ನಿನ್ನೆ ಗೋಡೆ ಹಿಡಿಯದೆ ಬಚ್ಚಲಿಗೆ ಹೋದೆ. ಮದ್ದು ನಾಟುತ್ತಿದೆ ಎಂದು ಗೊತ್ತಾದ ಮೇಲೆ ಅದು ಮುಗಿಯುವುದನ್ನು ಕಾಯುವುದು ಹೇಗಿರುತ್ತದೆಂದು ನಿಮಗೆ ಗೊತ್ತೇ?

ನನ್ನ ಬೇಡಿಕೆ ಇಷ್ಟೇ: ರೋಗ ಹರಡಿದವರಿಗೆ ಶಸ್ತ್ರಚಿಕಿತ್ಸೆಯ ಷರತ್ತಿಲ್ಲದೆ ಮಾತ್ರೆ ಕೊಡಿ. ತಿಪ್ಪಮ್ಮನವರಿಗೆ ಇಂದೇ ಕೊಡಿ. ಸಾಧ್ಯವಿಲ್ಲವೆಂದರೆ ಅವರ ಎದುರು ಕುಳಿತು, ಆ ಗಾಯ ಯಾಕಾಯಿತೆಂದು ನೀವೇ ಹೇಳಿ.

ಇಂತಿ,
ಸದ್ಯಕ್ಕೆ ಇಡಿಯಾಗಿರುವ,
ಜಮಾಲುನ್ನೀಸಾ
ಗುಬ್ಬಿ