ಹಿಮ್ಮಡಿಯಿಲ್ಲದ ಹೆಜ್ಜೆ

ಮಾರ್ಚ್ ೧೪, ಶುಕ್ರವಾರ

ಸಭಾಸದರೇ, ಶೂ ಕೊಳ್ಳುವ ಸಕಲ ಸಜ್ಜನರೇ, ಒಂದು ಲಾಂಛನ ಹುಟ್ಟಿದ ಕಥೆಯನ್ನು ಕಿವಿಗೊಟ್ಟು ಕೇಳಿ!

ಓಟಗಾರ್ತಿಯೊಬ್ಬಳ ಹೊಸ ಶೂ ಕಂಪನಿಗೆ ಲಾಂಛನ ಬರೆದುಕೊಡಲು ನಾನು ಎರಡು ತಿಂಗಳಿಂದ ಗೀಚಿದ್ದೇ ಗೀಚಿದ್ದು. ರೆಕ್ಕೆ ಬರೆದರೆ ಕಂಪನಿಯವರು ಹಕ್ಕಿ ಅಂದರು, ಚಿರತೆ ಬರೆದರೆ ಏನೋ ಕೊರತೆ ಅಂದರು. ಇವತ್ತು ಕ್ರೀಡಾಂಗಣದ ಕಚೇರಿಯಲ್ಲಿ ಮೀಟಿಂಗು. ಅವಳು ಅಭ್ಯಾಸ ಮುಗಿಸಿ, ಐಸ್ ನೀರಿನ ತೊಟ್ಟಿಯಿಂದೆದ್ದು ಬರಿಗಾಲಲ್ಲೇ ಬಂದಳು. ಬೂದುಬಣ್ಣದ ನೆಲದ ಮೇಲೆ ಒದ್ದೆ ಹೆಜ್ಜೆಗಳು ಮೂಡಿದವು. ಬಲಗಾಲಿನ ಗುರುತಿನಲ್ಲಿ ಬೆರಳುಗಳು, ಮುಂಗಾಲು, ಅಷ್ಟೇ, ಹಿಮ್ಮಡಿಯೇ ಇಲ್ಲ.

"ಅಯ್ಯೋ, ಇದೇ ಕಣ್ರೀ ನಮ್ಮ ಲಾಂಛನ!" ಎಂದು ಕಂಪನಿ ನೋಡಿಕೊಳ್ಳುವ ಅವಳ ಭಾವ ಕುರ್ಚಿಯಿಂದ ಎದ್ದೇಬಿಟ್ಟ. "ನಮ್ಮ ಹುಡುಗಿ ನೆಲಾನೇ ಮುಟ್ಟಲ್ಲ! ಬೇಗ ಬರ್ಕೊಳ್ಳಿ, ಒಣಗಿಹೋಗುತ್ತೆ!"

ನಾನು ಮೊಣಕಾಲೂರಿ ಬರೆದುಕೊಳ್ಳತೊಡಗಿದೆ. ಅವಳು ಪಕ್ಕದಲ್ಲಿ ಕುಳಿತು ಪಿಸುಗುಟ್ಟಿದಳು: "ಅಣ್ಣಾ, ಹಿಮ್ಮಡಿ ಊರಿದ್ರೆ ಪ್ರಾಣ ಹೋಗುತ್ತೆ. ಭಾವಂಗೆ ಹೇಳ್ಬೇಡಿ, ಮುಂದಿನ ವಾರ ಓಡ್ಬೇಕು."

"ಡಾಕ್ಟರ್ ಏನಂದ್ರಮ್ಮ?"

"ಓಡಿದ್ರೆ ಇದೇ ಕೊನೇ ಓಟ ಅಂದ್ರು." ನಕ್ಕಳು.

ಶೂ ಬಿಡುಗಡೆಯ ಭಾಷಣವನ್ನೂ ನಾನೇ ಬರೆಯಬೇಕಂತೆ. ಆದ್ದರಿಂದ, ಮಹನೀಯರೇ, ಆಕೆಯ ವೇಗಕ್ಕೆ ನೆಲವೇ ನಾಚಿ...

ಸಾಕು. ಕೈ ಓಡುತ್ತಿಲ್ಲ. ಅವಳು ನೋವು ಹೇಳಿಕೊಳ್ಳುತ್ತಿದ್ದಾಗ ನಾನು ಅಯ್ಯೋ ಪಾಪ ಎಂದು ತಲೆಯಾಡಿಸುತ್ತಲೇ ಹೆಬ್ಬೆರಳಿನ ಗೆರೆ ತಿದ್ದುತ್ತಿದ್ದೆ. ಗೆರೆ ಚೆನ್ನಾಗಿ ಬಂತಲ್ಲ ಎಂದು ಒಳಗೊಳಗೇ ಖುಷಿಪಟ್ಟೆ.