ಗಾರೆ ಬೇಡದ ಗೋಡೆ

ಮಾರ್ಚ್ 4, 1963

ಬೆಳಿಗ್ಗೆ ಮತ್ತೆ ಲೈಬ್ರರಿ ಸೈಟು. ಮತ್ತೆ ಕಮಿಟಿ ಅಧ್ಯಕ್ಷರು. ಮತ್ತೆ ಅದೇ ರಾಗ — ಮುಂದಿನ ಗೋಡೆಗೆ ಗಾರೆ ಯಾವಾಗ? ಗಾರೆ ಇಲ್ಲ ಸ್ವಾಮಿ, ಬರೀ ಕಾಂಕ್ರೀಟು, ಎರೆದಾಗ ಅಚ್ಚಿನ ಹಲಗೆಯ ಗೆರೆ-ಗಂಟು ಮೂಡಿದೆಯಲ್ಲ, ಅದೇ ಚೆಂದ ಎಂದು ನೂರನೇ ಸಲ ಹೇಳಿದೆ. ಅರ್ಧಕ್ಕೇ ಬಿಟ್ಟ ಹಾಗೆ ಕಾಣುತ್ತದಂತೆ. ಎರಡು ವರ್ಷದಿಂದ ತಲೆ ತಿಂದಿದ್ದಾರೆ. ಕೊನೆಗೆ ಕೈಚೆಲ್ಲಿ ಒಪ್ಪಿದರು.

ಅರವತ್ತೊಂದು ತುಂಬಿತು. ಇಷ್ಟು ದಿನ ಕಂಡವರು ಕೇಳಿದ ಕಮಾನು, ಹೂಬಳ್ಳಿಗೆಲ್ಲ ನಕ್ಷೆ ಬರೆದುಕೊಟ್ಟು ಹೊಟ್ಟೆ ಹೊರೆದೆ. ನನ್ನದು ಅಂತ ಇದೊಂದೇ ಗೋಡೆ.

ಮೈ ಯಾಕೋ ಬಿಸಿ...

ಮಾರ್ಚ್ 21

ಟೈಫಾಯ್ಡ್. ಇವತ್ತೇ ಎದ್ದು ಕೂತದ್ದು. ನಾಡಿದ್ದು ಉದ್ಘಾಟನೆ. ಸೈಟಿನ ಹೆಸರೆತ್ತಿದರೆ ಹೆಂಡತಿ ಕಣ್ಣು ಕೆಂಪಗೆ ಮಾಡುತ್ತಾಳೆ. ಮೇಸ್ತ್ರಿ ಬಾಗಿಲ ತನಕ ಬಂದಿದ್ದನಂತೆ. ಯೋಚನೆ ಬೇಡ, ಎಲ್ಲ ನೋಡಿಕೊಂಡಿದ್ದೇನೆ ಎಂದನಂತೆ. ಸದ್ಯ, ಅವನೊಬ್ಬನಿದ್ದಾನಲ್ಲ.

ಮಾರ್ಚ್ 22, ಮಧ್ಯಾಹ್ನ

ಹೆಂಡತಿಯ ಕಣ್ಣು ತಪ್ಪಿಸಿ ರಿಕ್ಷಾ ಹತ್ತಿದೆ.

ಗೋಡೆ ನುಣ್ಣಗಿದೆ. ಮೇಲೆ ಬಿಳಿ ಸುಣ್ಣ ಬೇರೆ.

ಅಧ್ಯಕ್ಷರ ಕಿತಾಪತಿ ಎಂದುಕೊಂಡೆ. ಅಲ್ಲ. ಮೇಸ್ತ್ರಿಯದು! ಗಾರೆ ಹಾಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಬಂದವರೆಲ್ಲ ಗೋಡೆ ನೋಡಿ ನಗುತ್ತಿದ್ದರಂತೆ; ಹಾಸಿಗೆ ಹಿಡಿದ ನನ್ನ ಮರ್ಯಾದೆ ಹೋಗಬಾರದೆಂದು ಭಾನುವಾರವೂ ಆಳು ಹಚ್ಚಿ ಮುಗಿಸಿದನಂತೆ. ಹಿಗ್ಗಿನಿಂದ ಹೇಳಿದ. ನನಗೆ ಮೈಯೆಲ್ಲ ಉರಿಯಿತು. ಕೆರೆದು ತೆಗಿ, ನಾಳೆಯೊಳಗೆ ಪೂರ್ತಿ ತೆಗಿ ಎಂದೆ. ಅವನು ಬೆಪ್ಪಾಗಿ ನೋಡಿದ.

"ತೆಗೆದ್ರೂ ಒಳಗೇನಿಲ್ಲ ಸಾರ್. ಗಾರೆ ಹಿಡೀಲಿ ಅಂತ ಮೊದ್ಲೇ ಗೋಡೆ ಪೂರ್ತಿ ಉಳಿ ಹೊಡೆಸಿ ಗೆರೆ-ಗಂಟೆಲ್ಲ ಕೆತ್ತಿಸ್ಬಿಟ್ಟಿದೀನಿ."

ಮರಳ ರಾಶಿಯ ಮೇಲೆ ಕುಳಿತುಬಿಟ್ಟೆ. ನೀರು ತಂದುಕೊಟ್ಟವನೂ ಅವನೇ, ಪುಣ್ಯಾತ್ಮ.

ಮಾರ್ಚ್ 23

ಉದ್ಘಾಟನೆ ಆಯಿತು. ಎಲ್ಲರಿಗೂ ಹಿಡಿಸಿದ್ದು ಆ ಗೋಡೆಯೇ — ನನ್ನ ಗ್ರಹಚಾರ. ಕೊನೆಗೂ ಬುದ್ಧಿ ಬಂತಲ್ಲ ನಿಮಗೆ ಎಂದು ಅಧ್ಯಕ್ಷರು ಬೆನ್ನು ತಟ್ಟಿ ಮೈಕ್ ಕೊಟ್ಟರು. ಎಲ್ಲವನ್ನೂ ಹೇಳಿಬಿಡೋಣ ಎಂದೇ ಎದ್ದೆ. ಎದುರಿಗೆ ಮೇಸ್ತ್ರಿ, ಇಸ್ತ್ರಿ ಅಂಗಿ ತೊಟ್ಟು, ತಲೆ ತಗ್ಗಿಸಿ ಕೂತಿದ್ದ. ಗೋಡೆಯನ್ನು ನಾನು ಬೇಕೆಂದೇ ಹಾಗೆ ಬಿಟ್ಟಿದ್ದೆನೆಂದು ಅವನಿಗೆ ಅಷ್ಟರಲ್ಲಿ ಅರ್ಥವಾಗಿತ್ತು. ಇಂಥ ಕೆಲಸಗಾರ ಸಿಗುವುದು ಭಾಗ್ಯ ಎಂದು ಏನೇನೋ ಹೇಳಿ ಇಳಿದೆ. ಹೇಡಿ ನಾನು.

ಆಮೇಲೆ ಅವನು ನನ್ನನ್ನು ಮೂಲೆಗೆ ಕರೆದ.

"ಇನ್ನೊಂದು ಕಟ್ಟೋಣ ಸಾರ್. ನೀವು ಹೇಳ್ದಂಗೇ ಬಿಡ್ತೀನಿ."

ನನಗೆ ಇನ್ನೊಂದನ್ನು ಯಾರಯ್ಯ ಕೊಡುತ್ತಾರೆ? ಕೇಳಲಿಲ್ಲ. ಆಗಲಿ, ಕಟ್ಟೋಣ ಎಂದೆ. ಎಂದದ್ದಲ್ಲದೆ ಮನೆಗೆ ಬಂದು ಹಾಳೆ ಬೇರೆ ಹಾಸಿಕೊಂಡು ಕೂತಿದ್ದೇನೆ, ಯಾವ ಊರಿನ ಯಾವ ಕಟ್ಟಡವೋ, ಮುಂದಿನ ಗೋಡೆಗೆ ಈ ಸಲ ಹಲಗೆ ಅಡ್ಡಕ್ಕೆ ಕೊಟ್ಟರೆ —