ಒಂಟಿಚಪ್ಪಲಿಯ ಕೈಯಲ್ಲಿದ್ದ ಜೋಡಿ ರಾಣಿ

ಕನ್ನಡಕದಂಗಡಿಯ ಹಿಂದಿನ ಕೋಣೆ,
ಹನ್ನೆರಡನೇ ತಾರೀಕು, ಮಂಗಳವಾರ, ಊಟದ ಬಿಡುವು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹಡಗಿನ ಆ ಗೇಣಗಲದ ಮಂಚದಲ್ಲಿ ಮಲಗಿ ಹಿಡಿದುಕೊಂಡಿದ್ದ ಸೊಂಟ ಈಗ ಬಿಟ್ಟಿದೆಯೇ? ನಾನು ಕಳಿಸಿದ ಬಿಸಿನೀರಿನ ಚೀಲವನ್ನು ಬಳಸುತ್ತಿದ್ದೀಯೋ ಇಲ್ಲ ಎಂಜಿನ್ ಕೋಣೆಯಲ್ಲಿ ಯಾರಿಗಾದರೂ ದಾನ ಮಾಡಿದೆಯೋ? ಹೆಬ್ಬೆರಳಿನ ಗಾಯ ಮಾಯುವವರೆಗೆ ಒದ್ದೆ ಕೈಯಲ್ಲಿ ವೈರು ಮುಟ್ಟಬೇಡ. ಎಲೆಕ್ಟ್ರಿಷಿಯನ್ನಿಗೆ ಕನ್ನಡಕದಂಗಡಿಯವಳು ಬುದ್ಧಿ ಹೇಳುತ್ತಾಳೆ ಎಂದು ನಗಬೇಡ. ಅತ್ತಿಗೆ ಚೆನ್ನಾಗಿದ್ದಾರೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯುವುದು ಪದ್ಧತಿ, ಬರೆದಿದ್ದೇನೆ. ಅಂಗಡಿಗೆ ಹೊಸ ಯಂತ್ರ ಬಂದಿದೆ. ಗಾಜಿನ ಅಂಚನ್ನು ತಾನೇ ಅಳೆದು ತಾನೇ ಉಜ್ಜುತ್ತದಂತೆ. ಯಜಮಾನರು ನನ್ನ ಕಡೆ ತಿರುಗಿ "ಇನ್ನು ನೀನು ಕೈಕಟ್ಟಿ ಕೂತ್ಕೊಂಡ್ರಾಯ್ತು" ಅಂದರು. ಎರಡು ದಿನದಲ್ಲಿ ಅದು ನಾಲ್ಕು ಗಾಜು ಒಡೆಯಿತು. ಈಗ ಯಂತ್ರವೇ ಬಟ್ಟೆ ಹೊದ್ದು ಕೈಕಟ್ಟಿ ಕೂತಿದೆ, ನಾನು ಹಳೆಯ ಸಾಣೆಕಲ್ಲಿನ ಮುಂದೆ ಕೂತಿದ್ದೇನೆ.

ಮೂರು ದಿನದಿಂದ ನಿನ್ನ ಕರೆ ಎತ್ತಿಲ್ಲ. ಕಾಲಿನ ನೋವು ಮತ್ತೆ ಬಂದಿರಬೇಕು, ಮಲಗಿರಬೇಕು ಎಂದೆಲ್ಲ ನೀನು ಅತ್ತಿಗೆಯ ಹತ್ತಿರ ಹೇಳಿದೆಯಂತೆ. ಕಾಲು ನೆಟ್ಟಗಿದೆ. ಫೋನಿನಲ್ಲಿ ಮಾತಾಡಿದರೆ ನೀನು ನಡುವೆ ಎಲ್ಲೋ ಒಂದು ಸಲ ನಗುತ್ತೀಯ, ಅಲ್ಲಿಗೆ ನನ್ನ ಸಿಟ್ಟು ಕರಗಿ ನೀರಾಗುತ್ತದೆ. ಚಿಕ್ಕಂದಿನಿಂದ ಹಾಗೇ ಆಗಿದೆ. ಈ ಸಿಟ್ಟು ಕರಗಬಾರದು, ಅದಕ್ಕೇ ಕಾಗದ ಹಿಡಿದು ಕೂತೆ. ಬರೆಯುವಾಗ ನನಗೆ ಉಗ್ಗು ಬರುವುದಿಲ್ಲ ಎಂಬುದೂ ನಿನಗೆ ಗೊತ್ತು.

ಕಳೆದ ವರ್ಷ ಅಂಗಡಿಯ ಏಣಿಯಿಂದ ಬಿದ್ದು ನಾನು ಕಾಲು ಮುರಿದುಕೊಂಡಾಗ ನೀನು ರಜೆಯಲ್ಲಿದ್ದೆ. ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಗೋಡೆ ನೋಡುತ್ತಿದ್ದವಳ ಮುಂದೆ ಇಸ್ಪೀಟು ಕಟ್ಟು ತಂದು ಹರಡಿದವನು ನೀನು. ಕೈಯಲ್ಲಿ ಎರಡೆಲೆ, ಮೇಜಿನ ಮೇಲೆ ಐದೆಲೆ, ಮಿಕ್ಕಿದ್ದೆಲ್ಲ ತಾಳ್ಮೆ ಅಂದೆ. ಹದಿನೈದು ದಿನ ಹಾಸಿಗೆಯ ಮೇಲೆ ಬಟನ್ನುಗಳನ್ನೇ ಪಣದ ಬಿಲ್ಲೆ, ಅಂದರೆ ಚಿಪ್ಸ್, ಮಾಡಿಕೊಂಡು ಆಡಿದೆವು. ಆಮೇಲೆ ನೀನು ಮೊಬೈಲಿನಲ್ಲಿ ಅದೇ ಆಟದ, ಪೋಕರಿನ, ಪಂದ್ಯ ತೋರಿಸಿದೆ, ಅದೂ ಪ್ರವೇಶಕ್ಕೆ ದುಡ್ಡು ಕೇಳದ ಪಂದ್ಯ ಮಾತ್ರ. ದುಡ್ಡು ಕಟ್ಟುವ ಮೇಜಿನ ಹತ್ತಿರ ಹೋಗುವುದಿಲ್ಲ ಎಂದು ನನ್ನ ಕೈಯಲ್ಲಿ ಮಾತು ತೆಗೆದುಕೊಂಡೆ. ಆ ಮಾತನ್ನು ನಾನು ಇವತ್ತಿಗೂ ಮುರಿದಿಲ್ಲ.

ಬಿಟ್ಟಿ ಪಂದ್ಯಕ್ಕೆ ಬರುವವರ ಮನಸ್ಸನ್ನು ನೀನು ಎಷ್ಟು ಚೆನ್ನಾಗಿ ಬಿಡಿಸಿ ತೋರಿಸಿದ್ದೆ! ಕಳೆದುಕೊಳ್ಳಲು ಏನೂ ಇಲ್ಲದವರು ಮೊದಲ ಅರ್ಧ ಗಂಟೆ ಎಲ್ಲ ಚಿಪ್ಸನ್ನೂ ಒಂದೇ ಸಲ ನೂಕುತ್ತಾರೆ, ಜಾತ್ರೆಗೆ ಬಿಟ್ಟ ಮಕ್ಕಳ ಹಾಗೆ. "ಆಗ ಎರಡೂ ಕೈ ತೊಡೆ ಕೆಳಗಿಟ್ಕೊಂಡು ಕೂತಿರು. ಎಕ್ಕದ ಜೋಡಿ, ರಾಜನ ಜೋಡಿ ಬಂದ್ರೆ ಮಾತ್ರ ಕೈ ತೆಗಿ" ಅಂದಿದ್ದೆ. ನಾನು ಒಂದು ಸಲ ಅಂಥವರ ಮುಂದೆ ಒಳ್ಳೆಯ ಎಲೆ ಇದ್ದವಳ ಹಾಗೆ ಬುರುಡೆ ಬಿಟ್ಟು ಮಣ್ಣುಮುಕ್ಕಿದಾಗ "ಕೇಳಿಸ್ಕೊಳ್ಳದವನ ಹತ್ರ ಸುಳ್ಳು ಹೇಳಿ ಏನು ಪ್ರಯೋಜನ?" ಎಂದು ಬಯ್ದೆ. ಗಂಟೆ ಕಳೆದು ಸಾವಿರಾರು ಜನ ಉದುರಿ, ಉಳಿದವರು ಬಹುಮಾನದ ಗೆರೆ ದಾಟಿದರೆ ಸಾಕು ಎಂದು ಉಸಿರು ಹಿಡಿದು ಕೂತಾಗ ಅವರ ಮೇಲೆ ಬೀಳಬೇಕು ಎಂದು ಕಲಿಸಿದೆ. ಅನ್ಯಾಯವಾಗಿ ಒಂದು ಕೈ ಸೋತರೆ ಮುಂದಿನ ಸುತ್ತಿನ ಎಲೆಗಳನ್ನು ನೋಡದೆ ಎಸೆದು ನೀರು ಕುಡಿದು ಬಾ ಅಂದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು: "ಬಿಟ್ಟಿ ಅಂದ್ಕೋಬೇಡ. ದುಡ್ಡು ಕೊಟ್ಟಿಲ್ಲ, ನಿಜ. ನಿನ್ನ ನಾಲ್ಕು ಗಂಟೆ ಕೊಟ್ಟಿದೀಯ. ಅದಕ್ಕೆ ಮರ್ಯಾದೆ ಕೊಡು." ಆ ಮಾತನ್ನು ನಾನು ಸಾಣೆಕಲ್ಲಿನ ಮುಂದೆ ಕೂತಾಗಲೂ ನೆನೆಸಿಕೊಳ್ಳುತ್ತೇನೆ.

ನೀನು ಹಡಗಿಗೆ ವಾಪಸು ಹೋದ ಮೇಲೂ ಪಾಠ ನಿಲ್ಲಲಿಲ್ಲ. ನಾನು ಆಡಿದ ಎಲೆಗಳ ಚಿತ್ರ ತೆಗೆದು ಕಳಿಸುತ್ತಿದ್ದೆ, ನೀನು ತಿದ್ದುತ್ತಿದ್ದೆ. "ನಾನು ಆಡೋದು ಬಿಟ್ಟೆ ಕಣೇ, ನಿನ್ನ ಆಟ ನೋಡೋದೇ ನನಗೆ ಆಟ" ಅಂದಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಎಷ್ಟು ಸಲೀಸಾಗಿ ಬಂತು ನೋಡು, ಆ ಕಣ್ಣೀರು.

ಆ ದೊಡ್ಡ ಪಂದ್ಯದ ಸುದ್ದಿ ಕೊಟ್ಟವಳು ನಾನೇ. ಪ್ರವೇಶಕ್ಕೆ ದುಡ್ಡಿಲ್ಲ, ನಾಲ್ಕು ಸಾವಿರ ಜನ, ಗೆದ್ದ ಒಬ್ಬರಿಗೆ ಮಾತ್ರ ಸಮುದ್ರದ ಪಕ್ಕದ ಹೋಟೆಲಿನಲ್ಲಿ ನಡೆಯುವ ಕೊನೆಯ ಸುತ್ತಿನಲ್ಲಿ ಜಾಗ, ಇಬ್ಬರ ಪ್ರಯಾಣ, ಇಬ್ಬರ ವಸತಿ. ನನಗೆ ಸಮುದ್ರದ ಆಸೆ ಇರಲಿಲ್ಲ. ನಿಜವಾದ ಮೇಜಿಗೆ, ನಿಜವಾದ ಮನುಷ್ಯರ ನಡುವೆ ಹೋಗಿ ಕೂರಬೇಕಿತ್ತು. ಮೂವತ್ತೊಂದು ವರ್ಷ ನನ್ನ ಮಾತನ್ನೆಲ್ಲ ನೀನೇ ಆಡಿದ್ದೀಯ. ಅಂಗಡಿಯಲ್ಲಿ ನನಗೆ ಬೇಕಾದ ಬಣ್ಣ ಕೇಳಿದವನು ನೀನು, ಡಾಕ್ಟರಿಗೆ ನನ್ನ ಹೊಟ್ಟೆನೋವು ವಿವರಿಸಿದವನು ನೀನು. ಈ ಕೆಲಸಕ್ಕೆ ಸೇರುವಾಗ ಎಲ್ಲ ಪ್ರಶ್ನೆಗೂ ನೀನೇ ಉತ್ತರ ಕೊಟ್ಟಾಗ ಯಜಮಾನರು "ಕೆಲಸ ಬೇಕಾಗಿರೋದು ಅಣ್ಣನಿಗೋ ತಂಗಿಗೋ?" ಎಂದು ಕೇಳಿದ್ದರು. ಪೋಕರ್ ಮೇಜಿನಲ್ಲಿ ಮೂರು ನಾಲ್ಕು ಮಾತು ಬಂದರೆ ಸಾಕು, ಅಷ್ಟನ್ನು ನಾನೇ ಆಡಬಲ್ಲೆ ಎಂದುಕೊಂಡೆ. ಒಂದು ತಿಂಗಳು ಸಾಣೆಕಲ್ಲಿನ ಸದ್ದಿನಲ್ಲಿ ಯಾರಿಗೂ ಕೇಳಿಸದ ಹಾಗೆ, ಎಲ್ಲ ಚಿಪ್ಸನ್ನೂ ನೂಕುವಾಗ ಹೇಳಬೇಕಾದ "ಆಲ್ ಇನ್, ಆಲ್ ಇನ್" ಎಂದು ಹೇಳಿಕೊಂಡೆ. ಆ ಮೊದಲ ಅಕ್ಷರ ಗಂಟಲಲ್ಲೇ ಕಚ್ಚಿಕೊಳ್ಳುತ್ತದೆ. ಇದನ್ನು ನಿನಗೆ ಮಾತ್ರ ಹೇಳಿದ್ದೆ. ನೀನು ನಗಲಿಲ್ಲ. "ಹೇಳ್ತೀಯ ಬಿಡು, ಖಂಡಿತ ಹೇಳ್ತೀಯ" ಅಂದೆ.

ಪಂದ್ಯದ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶುರುವಾದ ಆಟ ಮಧ್ಯಾಹ್ನ ಎರಡು ಗಂಟೆಗೆ ಮೂವರಿಗೆ ಇಳಿಯಿತು. ನಾನು ಗುಬ್ಬಿ ಎಂಬ ಹೆಸರಿನಲ್ಲಿ, ನೀನು ಕರೆಯುವ ಹೆಸರಲ್ಲೇ ಆಡುತ್ತಿದ್ದೆ. ಎದುರಿಗೆ ಇನ್ಯಾರೋ ಒಬ್ಬರು, ಮತ್ತು ಒಂಟಿಚಪ್ಪಲಿ ಎಂಬ ಹೆಸರಿನವರು. ಆ ಹೆಸರು ನೋಡಿ ನಕ್ಕಿದ್ದೆ ಕೂಡ. ಮೂರನೆಯವರು ಬೇಗ ಹೊರಬಿದ್ದರು. ಒಂಟಿಚಪ್ಪಲಿ ಬಳಿ ನನಗಿಂತ ಸ್ವಲ್ಪ ಹೆಚ್ಚು ಚಿಪ್ಸ್ ಇತ್ತು. ಆಗ ಐದು ನಿಮಿಷದ ಬಿಡುವು ಬಂತು. ಆಟದ ನಡುವೆ ಇನ್ನೊಬ್ಬರ ಸಲಹೆ ಕೇಳಬಾರದು ಎಂಬ ನಿಯಮ ನನಗೆ ಗೊತ್ತು. ಗೊತ್ತಿದ್ದೂ ನಿನಗೆ ಫೋನ್ ಮಾಡಿದೆ. ಇದು ನನ್ನ ತಪ್ಪು, ಇದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ.

ನೀನು ಮೊದಲ ರಿಂಗಿಗೇ ಎತ್ತಿದೆ. ಹಡಗಿನಲ್ಲಿ ಯಾವತ್ತೂ ಐದಾರು ಸಲ ಬಡಿದುಕೊಂಡ ಮೇಲೇ ಎತ್ತುವವನು! ನನಗೆ ಖುಷಿಯಾಯಿತು, ಅಣ್ಣನೂ ಫೋನು ಕೈಯಲ್ಲಿ ಹಿಡಿದು ಕಾಯುತ್ತಿದ್ದಾನೆ ಎಂದು. ಪ್ರಪಂಚದಲ್ಲಿ ಫೋನಿನಲ್ಲಿ ನಾನು ಉಗ್ಗದೆ ಮಾತಾಡುವುದು ನಿನ್ನೊಬ್ಬನ ಹತ್ತಿರ. ಗಡಗಡ ಎಲ್ಲ ಹೇಳಿದೆ. ಎದುರಿನವನು ಪದೇ ಪದೇ ಪಣ ಏರಿಸುತ್ತಾನೆ, ನನಗೆ ಭಯವಾಗುತ್ತಿದೆ, ಅವನು ಎಲ್ಲವನ್ನೂ ನೂಕಿದರೆ ಒಳ್ಳೆಯ ಎಲೆ ಬರುವವರೆಗೆ ಬಿಟ್ಟುಕೊಡುತ್ತಾ ಹೋಗುತ್ತೇನೆ ಅಂದೆ. ನೀನು ಹೇಳಿದೆ: "ಅವನು ಬುರುಡೆ ಬಿಡ್ತಿದಾನೆ ಕಣೇ ಗುಬ್ಬಿ. ಅವನ ಕೈಯಲ್ಲಿ ಏನೂ ಇಲ್ಲ. ಮುಂದಿನ ಸಲ ನೂಕಿದ್ರೆ ಹೆದರ್ಕೊಂಡು ಬಿಡಬೇಡ, ನೀನೂ ಎಲ್ಲ ಇಟ್ಟು ಹಿಡಿ."

ಬಿಡುವು ಮುಗಿದ ನಾಲ್ಕನೇ ಕೈಯಲ್ಲಿ ಒಂಟಿಚಪ್ಪಲಿ ಎಲ್ಲವನ್ನೂ ನೂಕಿತು. ನನ್ನ ಕೈಯಲ್ಲಿ ರಾಜ ಮತ್ತು ಎಂಟು. ಬಿಡು ಎಂದು ನನ್ನ ಬುದ್ಧಿ ಹೇಳಿತು, ಹಿಡಿ ಎಂದು ನಿನ್ನ ಮಾತು ಹೇಳಿತು. ನಿನ್ನ ಮಾತು ಕೇಳಿ ಗುಂಡಿ ಒತ್ತಿದೆ. ಅದು ಎಲೆ ತೋರಿಸಿತು, ಜೋಡಿ ರಾಣಿ. ಮೇಜಿನ ಮೇಲೆ ಒಂದಾದ ಮೇಲೊಂದು ಐದೆಲೆ ಬಿತ್ತು, ಅದರಲ್ಲಿ ಒಂದಾದರೂ ರಾಜ ಇರಲಿ ಎಂದು ನಾನು ಕಾದೆ. ಒಂದೂ ಬರಲಿಲ್ಲ, ನನ್ನ ಚಿಪ್ಸೆಲ್ಲ ಒಂಟಿಚಪ್ಪಲಿಗೆ ಹೋಯಿತು.

ಸ್ವಲ್ಪ ಹೊತ್ತಿನ ನಂತರ ನೀನೇ ಫೋನ್ ಮಾಡಿದೆ. ನಾನು ಅಳುತ್ತಿದ್ದೆ. "ಎಲೆ ಬರದಿದ್ರೆ ಯಾರೇನು ಮಾಡೋಕಾಗುತ್ತೆ? ನೀನು ಆಡಿದ್ದು ಸರಿಯಾಗೇ ಇತ್ತು" ಎಂದು ಸಮಾಧಾನ ಮಾಡಿದೆ. ಕೊನೆಗೆ ನಾನೇ ಕಣ್ಣೊರೆಸಿಕೊಂಡು, ನಿನಗೆ ಬೇಜಾರಾಗಿರುತ್ತದೆ ಪಾಪ, ಅಷ್ಟು ಕಲಿಸಿಯೂ ನಾನು ಸೋತೆ ಎಂದು ನಿನ್ನನ್ನೇ ಸಮಾಧಾನ ಮಾಡಿದೆ. ನೆನಪಿದೆಯೇ? ಅದನ್ನು ಕೇಳಿಸಿಕೊಂಡು ನೀನು ಸುಮ್ಮನೆ ಹೂಂಗುಟ್ಟಿದೆ.

ಹೋದ ಶನಿವಾರ ಅತ್ತಿಗೆ ಕನ್ನಡಕದ ಸ್ಕ್ರೂ ಸಡಿಲವಾಗಿದೆ ಎಂದು ಅಂಗಡಿಗೆ ಬಂದರು. ಮುಖದಲ್ಲಿ ಏನೋ ಮುಚ್ಚಿಟ್ಟುಕೊಂಡ ಕಳೆ. ನಾನು ಸ್ಕ್ರೂ ಬಿಗಿಯುತ್ತಿದ್ದಾಗ ತಡೆಯಲಾರದೆ ಹೇಳಿಯೇಬಿಟ್ಟರು. "ನಿಮ್ಮಣ್ಣ ಹೇಳಬೇಡ ಅಂದಿದ್ರು, ಆದ್ರೂ ಹೊಟ್ಟೆಯಲ್ಲಿ ನಿಲ್ತಿಲ್ಲ ಕಣೇ. ಅದೇನೋ ಇಸ್ಪೀಟಲ್ಲಿ ಗೆದ್ದಿದಾರಂತೆ. ಸಮುದ್ರದ ಪಕ್ಕ ಹೋಟೆಲ್ಲು, ಇಬ್ಬರಿಗೂ! ಹತ್ತು ವರ್ಷದಿಂದ ಎಲ್ಲಿಗೂ ಹೋಗಿಲ್ಲ ನಾವು." ಪ್ರಯಾಣಕ್ಕೆ ಅವರ ಹೆಸರು, ವಯಸ್ಸು ಕೇಳಿ ಪಂದ್ಯದವರು ನಿನಗೆ ಕಳಿಸಿ, ನೀನು ಅವರಿಗೆ ದಾಟಿಸಿದ್ದ ಪತ್ರವನ್ನು ಮೊಬೈಲಿನಲ್ಲಿ ತೋರಿಸಿದರು. ಮೇಲಿನ ಸಾಲಿನಲ್ಲೇ ಇತ್ತು: ಅಭಿನಂದನೆಗಳು, ಒಂಟಿಚಪ್ಪಲಿ.

ಸ್ಕ್ರೂ ಕೈಜಾರಿ ಬಿತ್ತು. ನಾನು ಏನೋ ಹೇಳಲು ಬಾಯಿ ತೆರೆದೆ, ಮೊದಲ ಅಕ್ಷರವೇ ಹೊರಡಲಿಲ್ಲ. ಅತ್ತಿಗೆ ಅದನ್ನು ಸಂತೋಷ ಎಂದುಕೊಂಡು ನನ್ನ ಕೆನ್ನೆ ಹಿಡಿದು "ನೋಡು, ನಿನಗೂ ಎಷ್ಟು ಖುಷಿ!" ಅಂದರು. ಇಬ್ಬರೂ ನೆಲದ ಮೇಲೆ ಮಂಡಿಯೂರಿ ಸ್ಕ್ರೂ ಹುಡುಕಿದೆವು. ಅವರಿಗೆ ಏನೂ ಗೊತ್ತಿಲ್ಲ ಎಂಬುದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಆ ಮುಖದ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಿಂದಾಗಲಿಲ್ಲ.

ಅಣ್ಣಾ, ನೀನು ಆಡಿದ್ದು ತಪ್ಪಲ್ಲ. ನಾಲ್ಕು ಸಾವಿರ ಜನ ಆಡಿದರು, ನೀನೂ ಆಡಿದೆ. ಆಡುತ್ತಿದ್ದೇನೆ ಎಂದು ಹೇಳದೆ ಇದ್ದದ್ದನ್ನೂ ಒಂದು ದಿನ ಮರೆಯುತ್ತಿದ್ದೆನೇನೋ. ರಾಣಿಯರು ನಿನ್ನ ಕೈಗೆ ಬಂದದ್ದು ನಿನ್ನ ಅದೃಷ್ಟ. ಆದರೆ ನಾನು ಫೋನ್ ಮಾಡಿದಾಗ "ಆ ಒಂಟಿಚಪ್ಪಲಿ ನಾನೇ ಕಣೇ, ಇಡು ಫೋನು" ಎಂದು ಒಂದು ಮಾತು ಹೇಳಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ಅದು ಬೇಡ, "ನನಗೆ ಗೊತ್ತಿಲ್ಲ, ನೀನೇ ಯೋಚನೆ ಮಾಡು" ಎಂದಿದ್ದರೂ ಸಾಕಿತ್ತು. ನೀನು ನನ್ನ ಬಾಯಿಂದ ನನ್ನ ಭಯವನ್ನೆಲ್ಲ ಹೇಳಿಸಿಕೊಂಡೆ, ಆಮೇಲೆ ಅಣ್ಣನ ದನಿಯಲ್ಲೇ ಸುಳ್ಳು ಹೇಳಿದೆ. ಯಾರೋ ಗುರುತಿಲ್ಲದವನು ಮೇಜಿನಲ್ಲಿ ಮೋಸ ಮಾಡಿದ್ದರೆ ನೀರು ಕುಡಿದು ಬಂದು ಮುಂದಿನ ಕೈ ಆಡುತ್ತಿದ್ದೆ. ಇದಕ್ಕೆ ಎಷ್ಟು ನೀರು ಕುಡಿಯಲಿ?

ಕೇಳಿದ್ದರೆ ಆ ಪ್ರಯಾಣವನ್ನು ನಿನಗೇ ಬಿಟ್ಟುಕೊಡುತ್ತಿದ್ದೆ ಎಂದು ಬರೆಯಲು ಹೊರಟಿದ್ದೆ. ಬರೆದರೆ ಸುಳ್ಳಾಗುತ್ತದೆ. ಬಿಟ್ಟುಕೊಡುತ್ತಿರಲಿಲ್ಲ. ಅದು ನನಗೆ ಬೇಕಿತ್ತು. ಎದುರು ಕೂತು ಗೆದ್ದುಕೋ ಅನ್ನುತ್ತಿದ್ದೆ. ನೀನು ಗೆದ್ದಿದ್ದರೆ ಅತ್ತಿಗೆಯ ಪೆಟ್ಟಿಗೆಯನ್ನು ನಾನೇ ತುಂಬಿಕೊಡುತ್ತಿದ್ದೆ. ಈಗ ಮೂರು ದಿನದಿಂದ ಹಳೆಯದನ್ನೆಲ್ಲ ಕೆದಕುತ್ತಿದ್ದೇನೆ. ನನ್ನ ಪರವಾಗಿ ನೀನು ಆಡಿದ ಮಾತುಗಳಲ್ಲಿ ನನ್ನವು ಎಷ್ಟು, ನಿನಗೆ ಅನುಕೂಲವಾದವು ಎಷ್ಟು ಎಂದು. ಇಂಥ ಲೆಕ್ಕ ನನ್ನ ತಲೆಗೆ ಬರಬಾರದಿತ್ತು. ಬಂದುಬಿಟ್ಟಿದೆ, ಅದಕ್ಕೇ ಹೆಚ್ಚು ಸಿಟ್ಟು.

ಊಟದ ಬಿಡುವು ಮುಗಿಯಿತು. ಯಜಮಾನರು ಎರಡು ಸಲ ಕೆಮ್ಮಿದರು. ಸೊಂಟಕ್ಕೆ ಬಿಸಿನೀರು ಇಟ್ಟುಕೋ, ಗಾಳಿ ಜೋರಾಗಿರುವಾಗ ಮೇಲಿನ ದೀಪ ರಿಪೇರಿಗೆ ಹತ್ತಬೇಡ. ನಿನಗೆ ಕೆಟ್ಟದ್ದಾಗಲಿ ಎಂದು ಈ ಮೂರು ದಿನದಲ್ಲಿ ಒಮ್ಮೆಯೂ ಅನ್ನಿಸಿಲ್ಲ. ದೊಡ್ಡವನು ನೀನು, ನಮಸ್ಕಾರ ಹೇಳಲೇಬೇಕು, ಹೇಳಿದ್ದೇನೆ.

ನಿನ್ನ ತಂಗಿ

ಮರೆತ ಮಾತು: ನಿನ್ನೆ ಪಂದ್ಯ ನಡೆಸುವವರಿಗೆ ನಾನೇ ಫೋನ್ ಮಾಡಿದೆ. ಆ ಕಡೆ ಇದ್ದ ಹೆಂಗಸು ಪಾಪ ಕಾದರು, ನನ್ನ ಹೆಸರು ಹೇಳುವುದಕ್ಕೇ ಒಂದು ನಿಮಿಷ ಹಿಡಿಯಿತು. ಆಟದ ನಡುವೆ ನಾನು ಸಲಹೆ ಕೇಳಿದ್ದು, ಕೇಳಿದ್ದು ಯಾರನ್ನು, ಅವರು ಯಾವ ಹೆಸರಿನಲ್ಲಿ ಎದುರಿಗೆ ಕೂತಿದ್ದರು, ಎಲ್ಲ ಹೇಳಿದೆ. ನನ್ನ ಖಾತೆ ಇವತ್ತು ಬೆಳಿಗ್ಗೆ ಮುಚ್ಚಿತು. ನಿನ್ನದೂ ಮುಚ್ಚುತ್ತದೆ, ಪ್ರಯಾಣ ಮೂರನೇ ಸ್ಥಾನದಲ್ಲಿದ್ದವರಿಗೆ ಹೋಗುತ್ತದೆ. ಈ ಕಾಗದಕ್ಕಿಂತ ಮೊದಲೇ ಅವರ ಪತ್ರ ನಿನಗೆ ತಲುಪಿರುತ್ತದೆ, ಯಾರು ಹೇಳಿದರು ಎಂದು ತಲೆ ಕೆಡಿಸಿಕೊಳ್ಳಬೇಡ. ಅತ್ತಿಗೆಗೆ ನಾನು ಏನೂ ಹೇಳಿಲ್ಲ. ಅವರು ಒಂದನೇ ತಾರೀಕಿಗೆ ತಮ್ಮ ಸ್ಕೂಲಿನಲ್ಲಿ ಈ ಪ್ರಯಾಣಕ್ಕೆಂದು ರಜೆಗೆ ಅರ್ಜಿ ಕೊಡುತ್ತಾರಂತೆ. ಅಷ್ಟರೊಳಗೆ ನೀನು ಹೇಳು. ಹೇಳುವಾಗ ಪೂರ್ತಿ ಹೇಳು.